ಅಡ್ಡಗೋಡೆಯ ಮೇಲಿನ ದೀಪ: ಹಾರಿಕೆಯ ಮಾತು ಮತ್ತು ಕನ್ನಡ ವಿಭಾಗಗಳ ಹೊಣೆ

ಅಫಜಲಪುರ ತಾಲ್ಲೂಕಿನ ಗೊಬ್ಬೂರ ಗ್ರಾಮದ ಹೆಸರು ಸರ್ಕಾರಿ ದಾಖಲೆಗಳಲ್ಲಿ ‘ಗೊಬ್ಬೂರ (ಬಿ)’ ಎಂದು ಕಾಣಿಸಿಕೊಳ್ಳುತ್ತದೆ. ಕಲಬುರಗಿ ಸೀಮೆಯಲ್ಲಿ ಹೀಗೆ ಕಂಸದೊಳಗೆ ‘ಬಿ’ ಅಥವಾ ‘ಕೆ’ ಎಂಬ ಒಂಟಿ ಅಕ್ಷರವನ್ನು ಹೊತ್ತ ಊರುಗಳು ಹಲವು. ‘ಬಿ’ ಎಂದರೆ ಬುಜುರ್ಗ್, ಅಂದರೆ ಹಿರಿಯದು. ‘ಕೆ’ ಎಂದರೆ ಖುರ್ದ್, ಅಂದರೆ ಕಿರಿಯದು. ಪಾರಸಿಯ ಈ ಎರಡು ಪದಗಳು ಹಳೆಯ ದಫ್ತರುಗಳಿಂದ ಇಂಗ್ಲಿಷಿನ ಒಂದೊಂದು ಅಕ್ಷರವಾಗಿ ಕುಗ್ಗಿ, ಆ ಅಕ್ಷರಗಳೇ ಮತ್ತೆ ಕನ್ನಡ ಲಿಪಿಗೆ ಇಳಿದಿವೆ. ಪಹಣಿಯನ್ನು ಕೈಯಲ್ಲಿ ಹಿಡಿದ ರೈತನಿಗೆ ಆ ಅಕ್ಷರದ ಮೂಲ ತಿಳಿದಿರಬೇಕೆಂದೇನೂ ಇಲ್ಲ. ಆದರೂ ಅದು ತನ್ನ ಕೆಲಸವನ್ನು ಮಾಡುತ್ತದೆ. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸುತ್ತದೆ. ಅದರ ಅರ್ಥ ಮಸುಕಾಗಿದೆ, ಆದರೆ ಅದರಿಂದ ಯಾರಿಗೂ ಮೋಸವಾಗಿಲ್ಲ.

ಅದೇ ರೈತನ ಅರ್ಜಿಗೆ ಬರುವ ಉತ್ತರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು: ‘ತಮ್ಮ ಮನವಿಯನ್ನು ನಿಯಮಾನುಸಾರ ಪರಿಶೀಲಿಸಿ ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇದರಲ್ಲಿ ತಿಳಿಯದ ಪದ ಒಂದೂ ಇಲ್ಲ. ವಾಕ್ಯರಚನೆಯಲ್ಲಿ ದೋಷವಿಲ್ಲ. ಆದರೆ ಪರಿಶೀಲಿಸುವವರು ಯಾರು, ಯಾವ ನಿಯಮ, ಎಷ್ಟು ದಿನ, ಯಾವ ಕ್ರಮ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಇದರಲ್ಲಿ ಉತ್ತರ ದೊರೆಯುವುದಿಲ್ಲ. ಮಸುಕಾದ ಅಕ್ಷರ ಕೆಲಸ ಮಾಡುವಾಗ ಸ್ಪಷ್ಟವಾದ ವಾಕ್ಯವೇಕೆ ಕೆಲಸ ಮಾಡುವುದಿಲ್ಲ ಎಂಬುದು ಭಾಷೆಯನ್ನು ಅಭ್ಯಾಸ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ. ಕನ್ನಡ ವಿಭಾಗಗಳು ಈ ಪ್ರಶ್ನೆಯನ್ನು ಪತ್ರಿಕೋದ್ಯಮಕ್ಕೂ ರಾಜ್ಯಶಾಸ್ತ್ರಕ್ಕೂ ಬಿಟ್ಟುಕೊಟ್ಟಿರುವುದು ಸರಿಯಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಮರೆಯ ಮಾತಿನ ಮೂರು ಬಗೆ

ಎರಡೂ ಕಡೆಗೆ ಬೆಳಕು ಬೀಳುವಂತೆ ಮಾತನಾಡಿ ಯಾವ ಕಡೆಗೂ ಸೇರದೆ ಉಳಿಯುವುದನ್ನು ಕನ್ನಡ ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಎಂದು ಗುರುತಿಸುತ್ತದೆ. ‘ಹಾರಿಕೆಯ ಉತ್ತರ’, ‘ತೇಲಿಸಿ ಮಾತಾಡುವುದು’, ‘ಬೊಗಳೆ’ ಎಂಬ ಬೇರೆ ಬೇರೆ ಪದಗಳೂ ಇವೆ. ಇಷ್ಟು ಪದಗಳಿರುವುದರಿಂದಲೇ ಜನ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರೆಂದು ತಿಳಿಯುತ್ತದೆ. ಆದರೆ ಮರೆಯಿರುವ ಮಾತೆಲ್ಲವೂ ಹಾರಿಕೆಯ ಮಾತಲ್ಲ. ಕನಿಷ್ಠ ಮೂರು ಬಗೆಗಳನ್ನು ಬೇರ್ಪಡಿಸಿಕೊಳ್ಳದಿದ್ದರೆ ಚರ್ಚೆ ದಾರಿ ತಪ್ಪುತ್ತದೆ.

ಮೊದಲನೆಯದು ಬೆಡಗು. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಮೇಲುನೋಟಕ್ಕೆ ಅಸಂಗತವಾದ ಚಿತ್ರಗಳನ್ನು ಒಡ್ಡುತ್ತವೆ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳೇಶ್ವರರ ಪರಂಪರೆಯ ತತ್ವಪದಗಳಲ್ಲಿಯೂ ಈ ಬಗೆಯ ಮರೆಮಾತು ಹೇರಳವಾಗಿದೆ. ಇಲ್ಲಿ ಅರ್ಥವನ್ನು ಮರೆಮಾಡಿರುವುದು ಕೇಳುಗನು ಅದನ್ನು ಹುಡುಕಲಿ ಎಂದು. ಬೆಡಗಿಗೆ ಟೀಕೆ ಬರೆಯುವ ಪರಂಪರೆಯೊಂದು ಬೆಳೆದದ್ದು, ಭಜನೆಯ ರಾತ್ರಿಗಳಲ್ಲಿ ಹಾಡಿನ ನಡುವೆ ಅರ್ಥ ಬಿಡಿಸುವ ರೂಢಿ ಉಳಿದು ಬಂದದ್ದು ಈ ಕಾರಣದಿಂದಲೇ. ಬೆಡಗನ್ನು ಒಡ್ಡಿದವನು ಪ್ರಶ್ನೆಗೆ ಅಂಜಿ ಓಡುವವನಲ್ಲ, ಪ್ರಶ್ನೆಯನ್ನು ಬೇಡುವವನು.

ಎರಡನೆಯದು ಮರ್ಯಾದೆಯ ಮರೆ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಹಾವು ಕಚ್ಚಿದ್ದನ್ನು ‘ಹುಳ ಮುಟ್ಟಿತು’ ಎನ್ನುತ್ತಾರೆ. ಸಿಡುಬಿನ ಕಾಲದಲ್ಲಿ ‘ತಾಯಿ ಬಂದಾಳ’ ಎಂದರು. ಸಾವಿಗಂತೂ ‘ತೀರಿಕೊಂಡರು’, ‘ಲಿಂಗೈಕ್ಯರಾದರು’, ‘ಶಿವನ ಪಾದ ಸೇರಿದರು’ ಎಂದು ಎಷ್ಟೋ ಹೆಸರು. ಹೆಣ್ಣು ನೋಡಲು ಬಂದವರು ‘ಮನ್ಯಾಗ ಕೇಳಿ ತಿಳಿಸ್ತೀವ್ರಿ’ ಎಂದು ಎದ್ದರೆ ಅದರ ಅರ್ಥವೇನಿರಬಹುದೆಂಬುದು ಎರಡೂ ಮನೆಯವರಿಗೆ ಗೊತ್ತು. ಕೈಗಡ ಕೇಳಲು ಬಂದ ನೆರೆಯವನಿಗೆ ‘ನೋಡಮ್ ತಗೋರಿ’ ಎಂದರೂ ಹಾಗೆಯೇ. ‘ಇಲ್ಲ’ ಎಂಬ ಮಾತನ್ನು ಆಡದೆ ‘ಇಲ್ಲ’ವನ್ನು ತಿಳಿಸಲಾಗಿದೆ, ಕೇಳಿದವನ ಮಾನವೂ ಉಳಿದಿದೆ, ಸಂಬಂಧವೂ ಉಳಿದಿದೆ.

ಮೂರನೆಯದು ಅಧಿಕಾರದ ಹಾರಿಕೆ. ಇದು ಎರಡನೆಯದರ ಮಾತುಗಳನ್ನೇ ಎರವಲು ಪಡೆಯುತ್ತದೆ. ಬೆಳೆಹಾನಿಯ ಪರಿಹಾರಕ್ಕಾಗಿ ಅಲೆಯುತ್ತಿರುವ ರೈತನೊಬ್ಬ ‘ಸಾಹೇಬ್ರ, ರೊಕ್ಕ ಯಾವಾಗ ಜಮಾ ಆಗ್ತದರಿ?’ ಎಂದು ಕೇಳಿದನೆನ್ನೋಣ. ‘ಆಗ್ತದ ತಗೋರಿ ಕಾಕಾ, ಮ್ಯಾಲಿಂದ ಬರಬೇಕು’ ಎಂಬ ಉತ್ತರ ಬಂದಿತೆನ್ನೋಣ. ಉತ್ತರದಲ್ಲಿ ಗೌರವವಿದೆ, ಸಲಿಗೆಯಿದೆ, ಒರಟುತನ ಸ್ವಲ್ಪವೂ ಇಲ್ಲ. ಕೈಗಡ ಕೇಳಿದ ನೆರೆಯವನಿಗೆ ಆಡಿದ ಮಾತಿಗೂ ಇದಕ್ಕೂ ರೂಪದಲ್ಲಿ ವ್ಯತ್ಯಾಸವೇ ಕಾಣದು. ವ್ಯತ್ಯಾಸವಿರುವುದು ಕೇಳುವವನ ಸ್ಥಾನದಲ್ಲಿ. ನೆರೆಯವನಿಗೆ ಕೈಗಡದ ಮೇಲೆ ಹಕ್ಕಿರಲಿಲ್ಲ. ರೈತನಿಗೆ ಪರಿಹಾರದ ಮೇಲೆ ಹಕ್ಕಿದೆ. ಹಕ್ಕಿಲ್ಲದ ಕಡೆ ಸೌಜನ್ಯವಾಗುವ ಮಾತು ಹಕ್ಕಿರುವ ಕಡೆ ವಂಚನೆಯಾಗುತ್ತದೆ. ಗ್ರಾಮಸಮಾಜದ ನಯವಂತಿಕೆಯನ್ನು ಕಚೇರಿ ಹೀಗೆ ಬಳಸಿಕೊಳ್ಳುವುದರಿಂದಲೇ ಹಾರಿಕೆಯ ಉತ್ತರವನ್ನು ಎದುರಿಸುವುದು ಕಷ್ಟವಾಗುತ್ತದೆ. ಮತ್ತೆ ಕೇಳಿದವನೇ ಮರ್ಯಾದೆ ತಪ್ಪಿದವನಾಗಿ ಕಾಣುತ್ತಾನೆ.

ಮಳಖೇಡದ ಅಳತೆಗೋಲು

ಈ ಮೂರನೆಯ ಬಗೆಯನ್ನು ಅಳೆಯುವುದಕ್ಕೆ ಪಶ್ಚಿಮದ ಚಿಂತಕರ ನೆರವು ದೊರೆಯುತ್ತದೆ. ರಾಜಕೀಯ ಭಾಷೆಯ ಮಬ್ಬನ್ನು ಕುರಿತ ಜಾರ್ಜ್ ಆರ್ವೆಲ್‌ನ ಪ್ರಬಂಧ ಬಂದದ್ದು 1946ರಲ್ಲಿ. ಸುಳ್ಳುಗಾರನಿಗೆ ಸತ್ಯದ ಬಗೆಗೆ ಎಚ್ಚರವಾದರೂ ಇರುತ್ತದೆ, ಬೊಗಳೆ ಮಾತಿನವನಿಗೆ ಸತ್ಯವೋ ಸುಳ್ಳೋ ಎಂಬ ಗೊಡವೆಯೇ ಇರುವುದಿಲ್ಲ ಎಂದು ಅಮೆರಿಕದ ತತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ ವಾದಿಸಿದ್ದು 1986ರಲ್ಲಿ. ಆ ಪ್ರಬಂಧ 2005ರಲ್ಲಿ ಪುಸ್ತಕವಾಗಿ ಹೆಸರಾಯಿತು. ಆದರೆ ಅಷ್ಟು ದೂರ ಹೋಗುವ ಮುನ್ನ ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವನ್ನು ನೆನೆಯುವುದು ಉಚಿತ. ಅಲ್ಲಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದ ನಡುಭಾಗದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷಗಳ ಚರ್ಚೆಗೆ ಮೀಸಲು. ಆ ಕೃತಿ ಬಹುವಾಗಿ ಆಧರಿಸಿದ ದಂಡಿಯ ‘ಕಾವ್ಯಾದರ್ಶ’ವು ಹತ್ತು ದೋಷಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲ ನಾಲ್ಕು ಇಂದಿನ ಸಾರ್ವಜನಿಕ ಭಾಷಣಕ್ಕೆ ಬರೆದಿಟ್ಟಂತೆ ಹೊಂದುತ್ತವೆ.

ಬಿಡಿ ಪದಗಳಿಗೆ ಅರ್ಥವಿದ್ದರೂ ಒಟ್ಟು ಮಾತಿಗೆ ಅರ್ಥ ಕೂಡದಿರುವುದು ಅಪಾರ್ಥ. ‘ಸಂಸ್ಕೃತಿ, ಅಭಿವೃದ್ಧಿ, ಯುವಶಕ್ತಿ, ಮಣ್ಣಿನ ಋಣ’ ಎಂದು ಪದಗಳನ್ನು ಸಾಲುಗಟ್ಟಿಸಿ ಕರತಾಡನಕ್ಕೆ ನಿಲ್ಲುವ ಭಾಷಣಗಳು ಈ ಜಾತಿಯವು. ಹಿಂದಿನ ಮಾತನ್ನು ಮುಂದಿನ ಮಾತು ಹೊಡೆದು ಹಾಕುವುದು ವ್ಯರ್ಥ: ‘ಹಣದ ಕೊರತೆಯಿಲ್ಲ, ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕೈಗೆತ್ತಿಕೊಳ್ಳಲಾಗುವುದು.’ ಹೇಳಿದ್ದನ್ನೇ ಹೇಳುವುದು ಏಕಾರ್ಥ. ‘ಸಮಗ್ರ ಸರ್ವತೋಮುಖ ಸರ್ವಾಂಗೀಣ ಪ್ರಗತಿ’ ಎಂಬಲ್ಲಿ ಮೂರು ವಿಶೇಷಣಗಳಿಗೆ ಅರ್ಥ ಒಂದೇ. ನಿರ್ಣಯಕ್ಕಾಗಿ ಬಳಸಿದ ಮಾತು ಸಂಶಯವನ್ನೇ ಹುಟ್ಟಿಸುವುದು ಸಸಂಶಯ; ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಾರದು.

ದಂಡಿ ವಿನಾಯಿತಿಗಳನ್ನೂ ಹೇಳುತ್ತಾನೆ. ಹುಚ್ಚರು, ಅಮಲಿನಲ್ಲಿರುವವರು, ಮಕ್ಕಳು ಇವರ ಮಾತಾದರೆ ಅಪಾರ್ಥವು ದೋಷವಲ್ಲ. ಸಂಶಯವನ್ನು ಹುಟ್ಟಿಸಲೆಂದೇ ಸಂಶಯದ ಮಾತನ್ನು ಆಡಿದ್ದರೆ ಅದು ದೋಷವಲ್ಲ, ಅಲಂಕಾರ. ಈ ಎರಡನೆಯ ವಿನಾಯಿತಿಯ ಮುಂದೆ ಕಾವ್ಯಮೀಮಾಂಸೆಯ ವಿದ್ಯಾರ್ಥಿ ಕ್ಷಣಕಾಲ ನಿಲ್ಲಬೇಕಾಗುತ್ತದೆ. ಕವಿಯ ದೋಷವನ್ನು ಅಸಾಮರ್ಥ್ಯದ ಫಲವೆಂದು ಶಾಸ್ತ್ರ ಭಾವಿಸುತ್ತದೆ. ಕಚೇರಿಯ ಸಸಂಶಯ ಸಾಮರ್ಥ್ಯದ ಫಲ. ಅದು ಅರಿತು ಮಾಡಿದ್ದು. ಹಾಗಾದರೆ ಅದೂ ಅಲಂಕಾರವೆಂದಾಗಬೇಕಷ್ಟೆ? ಆಗುವುದಿಲ್ಲ, ಏಕೆಂದರೆ ಅಲಂಕಾರದ ಸಂಶಯದಲ್ಲಿ ಸಹೃದಯನು ಪಾಲುದಾರ, ಆ ಸಂಶಯದಿಂದ ಅವನಿಗೆ ಸಂತೋಷವಿದೆ, ನಷ್ಟವಿಲ್ಲ. ಅರ್ಜಿದಾರನು ಸಹೃದಯನ ಸ್ಥಾನದಲ್ಲಿಲ್ಲ. ಮಾತಿನ ಗುಣದೋಷಗಳು ಅದರ ರೂಪದಿಂದಷ್ಟೇ ನಿರ್ಣಯವಾಗುವುದಿಲ್ಲ, ಯಾರಿಗೆ ಯಾವ ಸಂದರ್ಭದಲ್ಲಿ ಆಡಿದ್ದು ಎಂಬುದರಿಂದ ನಿರ್ಣಯವಾಗುತ್ತವೆ. ಔಚಿತ್ಯವೆಂಬ ಪರಿಕಲ್ಪನೆಯನ್ನು ಕಾವ್ಯದಾಚೆಗೆ ತಂದರೆ ಸಿಗುವ ತೀರ್ಮಾನವೂ ಇದೇ.

ಕರ್ತೃವಿಲ್ಲದ ವಾಕ್ಯ

ಹಾರಿಕೆಯ ಮಾತಿಗೆ ತನ್ನದೇ ಆದ ವ್ಯಾಕರಣವಿದೆ. ಕನ್ನಡದ ಕ್ರಿಯಾಪದ ಸ್ವಭಾವತಃ ಕರ್ತೃವನ್ನು ಬಚ್ಚಿಡಲಾರದು. ‘ಮಾಡಿದೆನು, ಮಾಡಿದಳು, ಮಾಡಿದರು’ ಎಂಬಲ್ಲಿ ಆಖ್ಯಾತ ಪ್ರತ್ಯಯವೇ ಪುರುಷ, ಲಿಂಗ, ವಚನಗಳನ್ನು ಹೇಳಿಬಿಡುತ್ತದೆ. ಆದ್ದರಿಂದ ಹೊಣೆಯನ್ನು ಮರೆಸಬೇಕಾದವರು ಭಾಷೆಯ ಈ ಸ್ವಭಾವವನ್ನೇ ಮೀರಬೇಕು. ಅದಕ್ಕೆ ಒದಗಿರುವ ರೂಪ ‘-ಅಲಾಗು’.

‘ಅವನು ಬಂಧಿಸಲ್ಪಟ್ಟನು’ ಎಂಬ ಕರ್ಮಣಿ ರೂಪವನ್ನೂ ‘ಅವನನ್ನು ಬಂಧಿಸಲಾಯಿತು’ ಎಂಬ ರೂಪವನ್ನೂ ಹೋಲಿಸಬಹುದು. ಮೊದಲನೆಯದರಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬಂದಿದೆ. ಬೇಕಾದರೆ ‘ಪೊಲೀಸರಿಂದ’ ಎಂದು ಕರ್ತೃವನ್ನು ಸೇರಿಸಬಹುದು. ಎರಡನೆಯದರಲ್ಲಿ ಕರ್ಮವು ದ್ವಿತೀಯೆಯಲ್ಲಿಯೇ ಉಳಿದಿದೆ. ಪ್ರಥಮೆಯಲ್ಲಿರುವ ಪದವೇ ಇಲ್ಲ. ‘ಪೊಲೀಸರಿಂದ’ ಎಂದು ಸೇರಿಸಹೋದರೆ ಸಹಜವಾಗಿ ಹೊಂದುವುದಿಲ್ಲ. ಕ್ರಿಯಾಪದವಂತೂ ಸದಾ ನಪುಂಸಕ ಏಕವಚನ. ಕನ್ನಡದ ಆಡಳಿತ ಬರಹದಲ್ಲಿ ಇದು ಅತ್ಯಂತ ಬಳಕೆಯ ಕ್ರಿಯಾರೂಪಗಳಲ್ಲಿ ಒಂದಾಗಿರುವುದು ಆಕಸ್ಮಿಕವಲ್ಲ. ಇಂಗ್ಲಿಷ್, ಸಂಸ್ಕೃತಗಳ ಚೌಕಟ್ಟನ್ನು ಕನ್ನಡಕ್ಕೆ ಹೊದಿಸುವುದನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಂಬ ಕೃತಿಯಲ್ಲಿ ಪ್ರಶ್ನಿಸಿದರು. ಆ ಚರ್ಚೆಯನ್ನು ಆಡಳಿತದ ಕನ್ನಡದತ್ತ ಮುಂದುವರಿಸಿದರೆ, ವ್ಯಾಕರಣದ ಪ್ರಶ್ನೆಯೊಂದು ಹೊಣೆಗಾರಿಕೆಯ ಪ್ರಶ್ನೆಯೂ ಆಗಿರುವುದು ಕಾಣುತ್ತದೆ.

ಆಡುಮಾತಿನಲ್ಲಿಯೂ ಇದಕ್ಕೆ ಆಸರೆಗಳಿವೆ. ‘ಆಗು’ ಧಾತು ಸಂಭವಿಸುವುದು, ಮಾರ್ಪಡುವುದು, ಸಾಧ್ಯವಾಗುವುದು, ಒಪ್ಪಿಗೆಯಾಗುವುದು ಎಲ್ಲವನ್ನೂ ಒಳಗೊಳ್ಳುತ್ತದೆ. ಹಾಗಾಗಿ ‘ಕೆಲಸ ಆಗ್ತದ’ ಎಂಬುದು ಆಶ್ವಾಸನೆಯೂ ಹೌದು, ಊಹೆಯೂ ಹೌದು, ವಸ್ತುಸ್ಥಿತಿಯ ಹೇಳಿಕೆಯೂ ಹೌದು. ಕಲಬುರಗಿ ಕನ್ನಡದ ‘ಕೆಲಸ ನಡದದ’ ಎಂಬುದು ಕೆಲಸ ಈಗ ಸಾಗುತ್ತಿದೆ ಎಂದು ಹೇಳುತ್ತದೆ. ಆರಂಭ, ಅಂತ್ಯಗಳ ಗೊಡವೆ ಅದಕ್ಕಿಲ್ಲ. ಇದಕ್ಕೆ ಭಾಷೆಯನ್ನು ದೂರುವಂತಿಲ್ಲ. ಅದೇ ಧಾತುವನ್ನು ಬಳಸಿ ‘ನನ್ನ ಕಡೆಯಿಂದ ಆಗಂಗಿಲ್ಲ’ ಎಂದು ಹಳ್ಳಿಯವರು ಖಡಾಖಂಡಿತವಾಗಿ ಹೇಳುವುದೂ ಇದೆ. ಅಲ್ಲಿ ಯಾರ ಕಡೆಯಿಂದ ಎಂಬುದನ್ನು ಮರೆಯದೆ ಸೇರಿಸಿರುತ್ತಾರೆ.

ಪದಗಳ ಮಟ್ಟದಲ್ಲಿ ಇದೇ ಕೆಲಸವನ್ನು ಮಾಡುವ ಪದ ‘ಪರಿಹಾರ’. ಸಮಸ್ಯೆಗೂ ಪರಿಹಾರ, ನಷ್ಟಕ್ಕೂ ಪರಿಹಾರ, ಪಾಪಕ್ಕೂ ಪರಿಹಾರ. ಭೀಮಾ ನದಿ 2009ರಲ್ಲಿಯೂ 2020ರಲ್ಲಿಯೂ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳು ತತ್ತರಿಸಿದವು. ಇಂಥ ಸಂದರ್ಭಗಳಲ್ಲಿ ‘ಪರಿಹಾರ ಒದಗಿಸಲಾಗುವುದು’ ಎಂಬ ಮಾತನ್ನು ಹೊಲ ಕಳೆದುಕೊಂಡವನು ಹಣವೆಂದು ಕೇಳಿಸಿಕೊಳ್ಳುತ್ತಾನೆ, ಊರು ಬಿಟ್ಟು ಬಂದವನು ಮನೆಯೆಂದು ಕೇಳಿಸಿಕೊಳ್ಳುತ್ತಾನೆ, ಆಡಿದವನು ಗಂಜಿ ಕೇಂದ್ರವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರಬಹುದು. ಮೂವರೂ ಒಂದೇ ಪದವನ್ನು ಹಿಡಿದುಕೊಂಡು ಮನೆಗೆ ಹೋಗುತ್ತಾರೆ.

ವಿಧಾನಮಂಡಲದ ಪ್ರಶ್ನೋತ್ತರದ ಮುದ್ರಿತ ಹಾಳೆಗಳು ಈ ದೃಷ್ಟಿಯಿಂದ ಅಭ್ಯಾಸಕ್ಕೆ ಯೋಗ್ಯವಾದ ಸಾಮಗ್ರಿ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂಬುದಕ್ಕೆ ‘ಬಂದಿದೆ’ ಎಂದೋ ‘ಇಲ್ಲ’ ಎಂದೋ ಉತ್ತರ. ‘ಇಲ್ಲ’ ಎಂದಾದರೆ ಮುಂದಿನ ಉಪಪ್ರಶ್ನೆಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ. ಈ ನಮೂನೆ ಶಾಸಕರ ಹಕ್ಕನ್ನು ಕಾಪಾಡಲು ಹುಟ್ಟಿದ್ದು. ಅಂಕಿಅಂಶಗಳಿರುವ ನೇರವಾದ ಉತ್ತರಗಳೂ ಅಲ್ಲಿ ಸಾಕಷ್ಟಿವೆ. ಅದರಿಂದಲೇ ಯಾವ ವಿಷಯಕ್ಕೆ ಅಂಕಿಗಳು ಬರುತ್ತವೆ, ಯಾವುದಕ್ಕೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಮಾತು ಬರುತ್ತದೆ ಎಂದು ಹೋಲಿಸಿ ನೋಡುವ ಅವಕಾಶವಿದೆ.

ಬೇರೆ ಭಾಷೆಯೂ ಸ್ವಭಾಷೆಯೂ

ಆಡಳಿತ ಕನ್ನಡದಲ್ಲಿ ನಡೆದರೆ ಮಾತು ಜನರಿಗೆ ತಿಳಿಯುತ್ತದೆ ಎಂಬುದು ಏಕೀಕರಣದ ಕಾಲದ ನಂಬಿಕೆಗಳಲ್ಲೊಂದು. ಈ ಸೀಮೆಯ ಮಟ್ಟಿಗೆ ಅದಕ್ಕೆ ಬಲವಾದ ಕಾರಣವೂ ಇತ್ತು. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಕನ್ನಡಿಗ ರೈತನ ಅರ್ಜಿಯೂ ಅದಕ್ಕೆ ಬಂದ ಜವಾಬೂ ಅವನದಲ್ಲದ ಭಾಷೆಯಲ್ಲಿರುತ್ತಿದ್ದವು. 1956ರಲ್ಲಿ ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿತು, 1963ರಲ್ಲಿ ರಾಜಭಾಷಾ ಅಧಿನಿಯಮ ಬಂದಿತು. ಕನ್ನಡ ಕಚೇರಿಗೆ ಬಂದದ್ದು ನಿಜ. ಆದರೆ ಬಂದ ಕನ್ನಡವು ಬಹುಮಟ್ಟಿಗೆ ಇಂಗ್ಲಿಷ್ ಕಡತದ ನೆರಳು. ‘ತಿಳಿಸಲು ನಿರ್ದೇಶಿತನಾಗಿದ್ದೇನೆ’ ಎಂಬ ವಾಕ್ಯ ಯಾವ ಕನ್ನಡಿಗನ ಬಾಯಲ್ಲಿಯೂ ಹುಟ್ಟುವಂಥದಲ್ಲ.

ಗಮನಿಸಬೇಕಾದ ಅಂಶವೆಂದರೆ ಹಳೆಯ ಆಡಳಿತದಿಂದ ಉಳಿದು ಬಂದ ಅರ್ಜಿ, ತಕರಾರು, ಪಂಚನಾಮೆ, ಜಮಾಬಂದಿ, ಮುಚ್ಚಳಿಕೆ ಮುಂತಾದ ಪದಗಳು ಹಳ್ಳಿಗರಿಗೆ ಇಂದಿಗೂ ಸ್ಪಷ್ಟವಾಗಿವೆ. ಅವು ಅನ್ಯದೇಶ್ಯಗಳಾದರೂ ಒಂದೊಂದು ನಿಶ್ಚಿತ ಕ್ರಿಯೆಗೆ ಕಟ್ಟಿಕೊಂಡಿವೆ. ಪಂಚನಾಮೆ ಆಗಿದೆಯೋ ಇಲ್ಲವೋ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ‘ಪರಿಶೀಲನೆ’, ‘ಅನುಷ್ಠಾನ’, ‘ಸಬಲೀಕರಣ’ಗಳ ಬಗೆಗೆ ಹಾಗೆ ಕೇಳಲು ಬರುವುದಿಲ್ಲ. ಶುದ್ಧ ಕನ್ನಡವೇ ಸ್ಪಷ್ಟ ಕನ್ನಡವೆಂಬ ಭ್ರಮೆಯನ್ನು ಬಿಡಬೇಕಾದುದು ಇಲ್ಲಿ.

ಕನ್ನಡದ ಆಡಳಿತ ಭಾಷೆಗೆ ಬೇರೊಂದು ಮಾದರಿ ಇರಲಿಲ್ಲವೆಂದೂ ಹೇಳುವಂತಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಹೇರಳವಾಗಿ ದೊರೆಯುವ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳ ಮೊದಲ ಭಾಗ ಬಿರುದಾವಳಿ. ಅದರಲ್ಲಿ ಉತ್ಪ್ರೇಕ್ಷೆಗೆ ಮಿತಿಯಿಲ್ಲ. ಆದರೆ ದಾನದ ಭಾಗಕ್ಕೆ ಬಂದೊಡನೆ ಭಾಷೆ ಬದಲಾಗುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರ. ಕೊಟ್ಟವರು ಯಾರು, ಪಡೆದವರು ಯಾರು. ಎಷ್ಟು ಮತ್ತರು, ಎಷ್ಟು ಗದ್ಯಾಣ. ಮೂಡಲಿಗೆ ಯಾವ ಎಲ್ಲೆ, ತೆಂಕಲಿಗೆ ಯಾವ ಎಲ್ಲೆ. ಅಳಿದವನಿಗೆ ಏನು ಶಾಪ. ಹೊಗಳಿಕೆ ಎಷ್ಟೇ ಉಬ್ಬಿದ್ದರೂ ಕೊಟ್ಟ ಮಾತು ಅಳತೆ ತಪ್ಪಿಲ್ಲ. ಇಂದಿನ ಯೋಜನೆಗಳ ಪ್ರಕಟಣೆಗಳಲ್ಲಿ ಬಿರುದಾವಳಿ ಉಳಿದುಕೊಂಡು ಎಲ್ಲೆ, ಅಳತೆಗಳೇ ಮಾಯವಾಗಿರುವುದನ್ನು ಶಾಸನಗಳ ಅಭ್ಯಾಸಿ ಬೇರೆಯವರಿಗಿಂತ ಬೇಗ ಗುರುತಿಸಬಲ್ಲ.

ಹೆಸರಿಡುವ ರಾಜಕಾರಣ

ಈ ಸೀಮೆಯ ಆಧುನಿಕ ಇತಿಹಾಸದ ತಿರುವೇ ಒಂದು ಮರೆಮಾತಿನಿಂದ ಆರಂಭವಾಗುತ್ತದೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯವು ಕವಚಿತ ವಾಹನಗಳ ದಳದೊಂದಿಗೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ. ಎನ್. ಚೌಧರಿ ಅದರ ಮುಂದಾಳಾಗಿದ್ದು ಬಳಿಕ ಮಿಲಿಟರಿ ಗವರ್ನರ್ ಆದರು. ಈ ಸೈನಿಕ ಕಾರ್ಯಾಚರಣೆಗೆ ಇಟ್ಟ ಹೆಸರು ‘ಪೊಲೀಸ್ ಕ್ರಮ’. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿದ್ದಾಗ, ಇದು ಎರಡು ರಾಜ್ಯಗಳ ನಡುವಣ ಯುದ್ಧವಲ್ಲ, ಆಂತರಿಕ ಶಾಂತಿಪಾಲನೆ ಎಂದು ತೋರಿಸಲು ಆ ಹೆಸರು ಒದಗಿತು.

ಅದರ ಹಿಂದೆ ರಜಾಕಾರರ ಹಾವಳಿಯಿತ್ತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ಜನಮನದಲ್ಲಿದೆ. ಅದರ ಮುಂದೆ ಮತ್ತೊಂದು ಹಿಂಸೆಯಿತ್ತು. ಜವಾಹರಲಾಲ್ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡವು, ಸೇನೆ ಬಂದಾಗ ಮತ್ತು ಆ ಬಳಿಕ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳೊಂದಿಗೆ ಗುಲಬರ್ಗಾವನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ‘ಪೊಲೀಸ್ ಕ್ರಮ’ ಎಂಬ ಎರಡು ಪದಗಳಲ್ಲಿ ಸೈನ್ಯವೂ ಕಾಣುವುದಿಲ್ಲ, ಸತ್ತವರೂ ಕಾಣುವುದಿಲ್ಲ. ಒಂದು ಹಿಂಸೆಗೆ ಹೆಸರಿದ್ದು ಇನ್ನೊಂದಕ್ಕೆ ಹೆಸರಿಲ್ಲದಿದ್ದರೆ ಎರಡನ್ನೂ ನ್ಯಾಯವಾಗಿ ನೆನೆಯುವುದು ಕಷ್ಟವಾಗುತ್ತದೆ. ವಿಮೋಚನೆ, ವಿಲೀನ, ಏಕೀಕರಣ ಎಂಬ ಪದಗಳ ನಡುವಣ ತಕರಾರು ಇಂದಿಗೂ ಮುಗಿಯದಿರುವುದಕ್ಕೆ ಈ ಮೌನವೂ ಒಂದು ಕಾರಣ.

‘ಹಿಂದುಳಿದ’ ಎಂಬ ವಿಶೇಷಣವನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಪ್ರೊ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ (39), ‘ಅತಿ ಹಿಂದುಳಿದ’ (40), ‘ಹಿಂದುಳಿದ’ (35) ಎಂದು ವಿಂಗಡಿಸಿತು. ಸಡಿಲವಾಗಿ ಬಳಕೆಯಲ್ಲಿದ್ದ ಪದವೊಂದಕ್ಕೆ ಅಳತೆಯನ್ನು ತಂದುಕೊಟ್ಟದ್ದು ಆ ವರದಿಯ ದೊಡ್ಡ ಸಾಧನೆ. ವೇದಿಕೆಯ ಭಾಷಣಗಳು ಅಂಕಿಗಳನ್ನು ಬಿಟ್ಟು ಪದವನ್ನಷ್ಟೇ ಮತ್ತೆ ಎತ್ತಿಕೊಂಡವು. ‘ಹಿಂದುಳಿ’ ಅಕರ್ಮಕ ಧಾತು. ಊರು ತಾನಾಗಿಯೇ ಹಿಂದೆ ಉಳಿಯಿತು, ಯಾರೂ ಅದನ್ನು ಹಿಂದೆ ಬಿಡಲಿಲ್ಲ ಎಂಬ ಭಾವ ಆ ಪದದೊಳಗೇ ಇದೆ. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ 2013ರಲ್ಲಿ ದೊರೆತದ್ದು ಹೋರಾಟದಿಂದ. ಹಿಂದೆ ಬಿಟ್ಟವರು ಇದ್ದಾರೆಂಬ ಅರಿವೇ ಆ ಹೋರಾಟದ ಮೂಲ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ವು ‘ಕಲ್ಯಾಣ ಕರ್ನಾಟಕ’ವಾಯಿತು. ಶರಣರ ಕಲ್ಯಾಣವನ್ನು ನೆನಪಿಸುವ ಆ ಹೆಸರು ಉಚಿತವೇ. ಆದರೆ ‘ಕಲ್ಯಾಣ’ಕ್ಕೆ ಕ್ಷೇಮವೆಂಬ ಅರ್ಥವೂ ಇರುವುದರಿಂದ, ಸಾಧಿಸಬೇಕಾದುದನ್ನು ಸಾಧಿಸಿಯಾಗಿದೆ ಎಂದು ಹೆಸರೇ ಹೇಳುತ್ತಿರುವಂತೆ ಕೇಳಿಸುವ ಅಪಾಯವಿದೆ.

ನೇರ ಮಾತಿನ ಬೆಲೆ

ಜನಪ್ರತಿನಿಧಿಗಳು ನೇರವಾಗಿ ಮಾತನಾಡುವುದಿಲ್ಲ ಎಂಬ ದೂರಿನ ಇನ್ನೊಂದು ಮುಖವನ್ನೂ ಕನ್ನಡ ವಿದ್ವತ್ತು ನೋಡಬೇಕಾಗಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವನ್ನು ‘ಬೂಸಾ’ ಎಂದರು. ಆ ಮಾತಿನಲ್ಲಿ ಅಡ್ಡಗೋಡೆಯಿರಲಿಲ್ಲ. ಅದನ್ನು ಒಪ್ಪದವರು ವಾದದಿಂದ ಎದುರಿಸಬಹುದಾಗಿತ್ತು. ಆದರೆ ನಡೆದದ್ದು ಗಲಭೆ, ದಲಿತ ವಿದ್ಯಾರ್ಥಿಗಳ ಮೇಲಿನ ಹಲ್ಲೆ. ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ನೇರವಾದ ಒಂದು ಪದಕ್ಕೆ ಇಷ್ಟು ಬೆಲೆ ತೆರಬೇಕಾದ ಸಮಾಜದಲ್ಲಿ ಮಾತನ್ನು ತೇಲಿಸುವುದು ಜಾಣತನವಾಗಿ ಕಾಣುತ್ತದೆ. ದಲಿತ ಚಳವಳಿಗೆ ಆ ಘಟನೆ ಚಾಲನೆ ಕೊಟ್ಟಿತೆಂಬುದನ್ನು ಸಾಹಿತ್ಯ ಚರಿತ್ರೆಗಳು ದಾಖಲಿಸಿವೆ. ಹಾರಿಕೆಯ ಮಾತಿಗೆ ಆಡುವವರಷ್ಟೇ ಕೇಳುವವರೂ ಹೊಣೆ ಎಂಬ ಪಾಠವೂ ಅದರಲ್ಲಿದೆ.

ಇದಕ್ಕೆ ಪ್ರತಿಯಾಗಿ, ಮಾತನ್ನು ಬಿಗಿಗೊಳಿಸಿದ ಪ್ರಯತ್ನಗಳೂ ಇವೆ. 2005ರ ಮಾಹಿತಿ ಹಕ್ಕು ಅಧಿನಿಯಮ ಉತ್ತರಕ್ಕೆ 30 ದಿನಗಳ ಗಡುವನ್ನು ವಿಧಿಸಿತು. 2011ರ ಕಾಯ್ದೆಯ ಮೇರೆಗೆ 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆಯು ಒಂದೊಂದು ಸೇವೆಗೂ ಇಂತಿಷ್ಟು ದಿನ ಎಂದು ಗೊತ್ತುಪಡಿಸಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳವರೆಗೆ ಪರಿಹಾರವನ್ನು ಅರ್ಜಿದಾರನಿಗೆ ಕೊಡಬೇಕು. ಮೊತ್ತ ಚಿಕ್ಕದು. ಭಾಷೆಯ ದೃಷ್ಟಿಯಿಂದ ಬದಲಾವಣೆ ದೊಡ್ಡದು. ‘ಶೀಘ್ರದಲ್ಲೇ’ ಎಂಬ ಕ್ರಿಯಾವಿಶೇಷಣದ ಜಾಗಕ್ಕೆ ಸಂಖ್ಯಾವಾಚಕ ಬಂದಿತು; ‘ಪರಿಹಾರ’ ಎಂಬ ಪದಕ್ಕೂ ಅಲ್ಲಿ ಒಂದೇ ಅರ್ಥ. ಎಲ್ಲ ಕಡೆ ಅದು ನಡೆದಂತೆ ನಡೆಯುತ್ತಿದೆಯೆಂದು ಯಾರೂ ಹೇಳಲಾರರು. ಆದರೆ ಮಾತು ಈಡೇರದಿದ್ದಾಗ ಈಡೇರಿಲ್ಲವೆಂದು ಬೆರಳಿಟ್ಟು ತೋರಿಸುವುದು ಅದರಿಂದ ಸಾಧ್ಯವಾಯಿತು.

ವಿಭಾಗಗಳೊಳಗಿನ ಮಾತು

ಇಷ್ಟನ್ನು ಹೇಳಿದ ಮೇಲೆ ಸಂಶೋಧನ ಪತ್ರಿಕೆಗಳ ಕನ್ನಡದತ್ತಲೂ ನೋಡದೆ ಇರುವುದು ಪ್ರಾಮಾಣಿಕವಾಗದು. ‘ಸಾಂಸ್ಕೃತಿಕ ಮುಖಾಮುಖಿಯ ನೆಲೆಯಲ್ಲಿ ಅಸ್ಮಿತೆಯ ಸಂಕಥನವು ಬಹುಮುಖಿ ಆಯಾಮಗಳನ್ನು ಪಡೆದುಕೊಳ್ಳುತ್ತದೆ’ ಎಂಬ ಮಾದರಿಯ ವಾಕ್ಯಗಳು ಪ್ರಬಂಧಗಳಲ್ಲಿ ವಿರಳವಲ್ಲ. ಸಂಕಥನ, ಅಸ್ಮಿತೆ ಮುಂತಾದ ಪರಿಭಾಷೆಗಳು ಖಚಿತವಾದ ಅರ್ಥದಲ್ಲಿ ಬಳಕೆಯಾದಾಗ ಉಪಯುಕ್ತ. ಅವಿಲ್ಲದೆ ಕೆಲವು ವಿಚಾರಗಳನ್ನು ಹೇಳಲಿಕ್ಕೇ ಬಾರದು. ಮೇಲಿನ ವಾಕ್ಯವು ಯಾವ ಕೃತಿಯ ಬಗೆಗೆ ಹೇಳಿದರೂ ಸಲ್ಲುತ್ತದೆ, ಯಾವುದರ ಬಗೆಗೂ ಸುಳ್ಳಾಗುವುದಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬುದರ ಗುಣವೂ ಅದೇ. ‘ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಮುಗಿಯುವ ಮಹಾಪ್ರಬಂಧಕ್ಕೂ ‘ಪರಿಶೀಲನೆಯಲ್ಲಿದೆ’ ಎಂದು ಮುಗಿಯುವ ಕಡತಕ್ಕೂ ಬಂಧುತ್ವವಿದೆ.

ಹಾನಿ ಇಲ್ಲಿಗೆ ನಿಲ್ಲುವುದಿಲ್ಲ. ‘ಆಡಳಿತ ಕನ್ನಡ’, ‘ವ್ಯಾವಹಾರಿಕ ಕನ್ನಡ’ ಎಂಬ ಪತ್ರಿಕೆಗಳನ್ನು ಪದವಿ ತರಗತಿಗಳಲ್ಲಿ ಬೋಧಿಸುವವರು ಕನ್ನಡ ಅಧ್ಯಾಪಕರೇ. ಮಾದರಿ ಪತ್ರಗಳಲ್ಲಿ ‘ಅಗತ್ಯ ಕ್ರಮಕ್ಕಾಗಿ ಕಳುಹಿಸಲಾಗಿದೆ’ ಎಂದು ಬರೆಯಿಸಿ ಅಂಕ ಕೊಡುವವರೂ ಅವರೇ. ಗೊಬ್ಬೂರದಂತಹ ಊರಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ನಾಳೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿ ತನ್ನೂರಿನವರಂಥವರ ಅರ್ಜಿಗೆ ಉತ್ತರ ಬರೆಯಬಹುದು. ತನ್ನ ತಂದೆಗೆ ಬಂದಿದ್ದ ಉತ್ತರವನ್ನೇ ಅವಳು ಮತ್ತೊಬ್ಬರಿಗೆ ಬರೆಯುವಂತಾದರೆ ಅದಕ್ಕೆ ತರಗತಿಯ ಪಾಲೂ ಇದೆ.

ಆದ್ದರಿಂದ ಮಾಡಬಹುದಾದ ಮೂರು ಕೆಲಸಗಳನ್ನು ಇಲ್ಲಿ ಸೂಚಿಸಬಹುದು. ಮೊದಲನೆಯದಾಗಿ, ಆಡಳಿತ ಕನ್ನಡದ ತರಗತಿಯಲ್ಲಿ ಬರೆಯುವ ಅಭ್ಯಾಸದ ಜೊತೆಗೆ ಬಿಡಿಸುವ ಅಭ್ಯಾಸವನ್ನೂ ಸೇರಿಸುವುದು: ಒಂದು ಸರ್ಕಾರಿ ಪತ್ರವನ್ನು ಕೊಟ್ಟು, ಪ್ರತಿ ‘-ಅಲಾಗುವುದು’ ರೂಪಕ್ಕೂ ಕರ್ತೃವನ್ನು ಹುಡುಕಿಸುವುದು, ಪ್ರತಿ ‘ಶೀಘ್ರ’ಕ್ಕೂ ದಿನಾಂಕವನ್ನು ಕೇಳಿಸುವುದು, ಸಿಗದಿದ್ದರೆ ಸಿಗಲಿಲ್ಲವೆಂದು ಬರೆಯಿಸುವುದು. ವಿಭಕ್ತಿ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆಗಳು ದೊರೆಯಲಾರವು. ಎರಡನೆಯದಾಗಿ, ಪ್ರಶ್ನೋತ್ತರದ ಹಾಳೆಗಳು, ತಾಲ್ಲೂಕು ಕಚೇರಿಗಳ ಹಿಂಬರಹಗಳು, ಗ್ರಾಮಸಭೆಗಳ ನಡವಳಿ ಪುಸ್ತಕಗಳು ಇವನ್ನು ಶಾಸನಗಳಷ್ಟೇ ಶ್ರದ್ಧೆಯಿಂದ ಸಂಗ್ರಹಿಸಿ ಸಂಶೋಧನೆಯ ಆಕರವನ್ನಾಗಿಸುವುದು. ಮೂರನೆಯದಾಗಿ, ಸ್ವಂತ ಬರವಣಿಗೆಯನ್ನು ಅದೇ ಪರೀಕ್ಷೆಗೆ ಒಡ್ಡುವುದು. ಯಾವ ಕೃತಿಗಾದರೂ ಹೊಂದುವ ವಾಕ್ಯವನ್ನು ಹೊಡೆದುಹಾಕುವುದು.

ಕನ್ನಡ ಜನ ಹದವರಿತು ಮಾತನಾಡಬಲ್ಲವರು, ಹಾಗೆಯೇ ಆಡಿದ ಮಾತನ್ನು ಅರಿತು ತೂಗಿ ನೋಡಬಲ್ಲವರು ಎಂದು ‘ಕವಿರಾಜಮಾರ್ಗ’ ಮೆಚ್ಚುತ್ತದೆ. ಆ ಪ್ರಶಂಸೆಯಲ್ಲಿ ಎರಡು ಸಾಮರ್ಥ್ಯಗಳಿವೆ. ವೇದಿಕೆಗಳಲ್ಲಿ ಮೊದಲನೆಯದನ್ನಷ್ಟೇ ಎತ್ತಿ ಹೇಳಿ ಹೆಮ್ಮೆಪಡುವುದು ರೂಢಿಯಾಗಿದೆ. ‘ಆಗ್ತದ ತಗೋರಿ’ ಎಂಬ ಉತ್ತರವನ್ನು ಕೇಳಿ ಮರಳುವ ರೈತನಿಗೆ ಬೇಕಾಗಿರುವುದು ಎರಡನೆಯದು. ಅದನ್ನು ಕಲಿಸುವ ಸಾಮಗ್ರಿ ಕನ್ನಡ ವಿಭಾಗಗಳ ಕಪಾಟಿನಲ್ಲಿಯೇ, ಅಲಂಕಾರಶಾಸ್ತ್ರ, ವ್ಯಾಕರಣ, ಶಾಸನಗಳ ಸಂಪುಟಗಳಲ್ಲಿ ಇದೆ.